ರೋಡಿಯಂ ಕೆಲಸಕ್ಕೆ ಕಬ್ಬಿಣ

ಜತ್ತ ತಾಲೂಕಿನ ಉಮದಿ, ಸಂಖ ಕಡೆಯ ರೈತರು ಹದ ಮಳೆಯಾದ ಕೂಡಲೇ ಯೂರಿಯಾ ಚೀಲಕ್ಕಾಗಿ ಅಂಗಡಿಗೆ ಓಡುತ್ತಾರೆ. ಆ ಯೂರಿಯಾದ ಹಿಂದೆ ದುಡಿದದ್ದು ಕಬ್ಬಿಣ. ಗಾಳಿಯ ಸಾರಜನಕವನ್ನು ಜಲಜನಕದೊಂದಿಗೆ ಕೂಡಿಸಿ ಅಮೋನಿಯಾ ಮಾಡಲು ಜರ್ಮನಿಯ ಫ್ರಿಟ್ಜ್ ಹೇಬರ್ 1909ರಲ್ಲಿ ಬಳಸಿದ ವೇಗವರ್ಧಕ ಆಸ್ಮಿಯಂ. ಕಾರ್ಖಾನೆಗಳಿಗೆ ಸಾಲುವಷ್ಟು ಆಸ್ಮಿಯಂ ಜಗತ್ತಿನಲ್ಲೇ ಇರಲಿಲ್ಲ. ಬಿಎಎಸ್‌ಎಫ್ ಕಂಪನಿಯ ಆಲ್ವಿನ್ ಮಿಟಾಷ್ ಸಾವಿರಾರು ಮಿಶ್ರಣಗಳನ್ನು ಪರೀಕ್ಷಿಸಿದರು. ಕೊನೆಗೆ ಕೈಹಿಡಿದದ್ದು ಸ್ವೀಡನ್ನಿನ ಕಬ್ಬಿಣದ ಅದಿರು. ಇಂದಿಗೂ ಗೊಬ್ಬರದ ಉದ್ಯಮ ಮುಖ್ಯವಾಗಿ ಕಬ್ಬಿಣವನ್ನೇ ನಂಬಿದೆ.

ಅಪರೂಪದ ಲೋಹದ ಬದಲು ಕಬ್ಬಿಣವನ್ನು ದುಡಿಸುವ ಅಂಥದ್ದೇ ಹುಡುಕಾಟ ನಮ್ಮ ಪುಣೆಯಲ್ಲೂ ನಡೆದಿದೆ. 1950ರಲ್ಲಿ ಆರಂಭವಾದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ (ಎನ್‌ಸಿಎಲ್) ವಿಜ್ಞಾನಿ ಸಮೀರ್ ಚಿಕ್ಕಲಿ ಅದರ ಮುಂಚೂಣಿಯಲ್ಲಿದ್ದಾರೆ. ಸ್ಟುಟ್‌ಗಾರ್ಟ್‌ನಲ್ಲಿ ಡೀಟ್ರಿಷ್ ಗುಡಾಟ್ ಅವರ ಬಳಿ ಪಿಎಚ್‌ಡಿ, ಆಮ್‌ಸ್ಟರ್‌ಡಾಮ್‌ನಲ್ಲಿ ಯೂಸ್ಟ್ ರೇಕ್ ಅವರ ಬಳಗ, ಕಾನ್‌ಸ್ಟಾನ್ಜ್‌ನಲ್ಲಿ ಸ್ಟೀಫನ್ ಮೆಕಿಂಗ್ ಅವರೊಡನೆ ಸಸ್ಯದೆಣ್ಣೆಗಳ ಅಧ್ಯಯನ: ಇದು ಅವರು ನಡೆದ ದಾರಿ. ಆಮ್‌ಸ್ಟರ್‌ಡಾಮ್‌ನಲ್ಲಿ ಅವರ ಕೈಯಲ್ಲಿದ್ದ ಲೋಹ ರೋಡಿಯಂ, ಕ್ರಿಯೆ ಹೈಡ್ರೋಫಾರ್ಮೈಲೇಶನ್.

ಆಲ್ಕೀನ್‌ಗೆ ಕಾರ್ಬನ್ ಮೊನಾಕ್ಸೈಡ್ ಮತ್ತು ಜಲಜನಕ ಸೇರಿಸಿ ಆಲ್ಡಿಹೈಡ್ ಪಡೆಯುವ ಈ ಕ್ರಿಯೆಯನ್ನು 1938ರಲ್ಲಿ ಕಂಡವರು ಒಟ್ಟೊ ರೋಲೆನ್. ಮಾರ್ಜಕ, ಪ್ಲಾಸ್ಟಿಕ್ ಮೆದುಗೊಳಿಸುವ ದ್ರವ, ಸುಗಂಧ ಎಲ್ಲಕ್ಕೂ ಇದು ಬೇಕು. ರೋಲೆನ್ ಬಳಸಿದ ಕೋಬಾಲ್ಟ್‌ಗೆ ಭಾರೀ ಒತ್ತಡ ಬೇಕಿತ್ತು. ರೋಡಿಯಂ ಕಡಿಮೆ ಒತ್ತಡದಲ್ಲೇ ಕೆಲಸ ಮುಗಿಸುತ್ತದೆ. ಬೆಲೆ ಮಾತ್ರ ಗಗನಕ್ಕೆ. 2021ರಲ್ಲಿ ಅದು ಔನ್ಸಿಗೆ 29,000 ಡಾಲರ್ ಮುಟ್ಟಿತ್ತು, ಚಿನ್ನದ ಹದಿನೈದು ಪಟ್ಟಿಗೂ ಮೇಲೆ. ಕಬ್ಬಿಣವಾದರೋ ಭೂಮಿಯ ತೊಗಟೆಯ ಸುಮಾರು ನೂರಕ್ಕೆ ಐದು ಪಾಲು.

ಹಾಗಿದ್ದರೆ ಕಬ್ಬಿಣವನ್ನೇ ಏಕೆ ಬಳಸಲಿಲ್ಲ? ರೋಡಿಯಂ ಎಲೆಕ್ಟ್ರಾನುಗಳನ್ನು ಜೋಡಿಯಾಗಿ ಸಾಗಿಸುತ್ತದೆ. ಕಬ್ಬಿಣ ಒಂದೊಂದನ್ನೇ ಬಿಟ್ಟುಕೊಡುವುದು ಹೆಚ್ಚು, ಆಗ ಕ್ರಿಯೆ ದಾರಿ ತಪ್ಪುತ್ತದೆ. ಖಿಲ್ಲಾರ ಹೋರಿಯನ್ನು ಪಳಗಿದ ಎತ್ತಿನ ಜೊತೆ ನೊಗಕ್ಕೆ ಹೂಡುವಂತೆ, ಕಬ್ಬಿಣಕ್ಕೂ ತಕ್ಕ ಸಂಗಾತಿ ಅಣು ಬೇಕು.

ಚಿಕ್ಕಲಿ ಬಳಗ 2018ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ತನ್ನ ಉತ್ತರ ಪ್ರಕಟಿಸಿತು. ಕಬ್ಬಿಣದ ಒಂದು ಕಾರ್ಬೊನಿಲ್ ಸಂಯುಕ್ತ, ಸಂಗಾತಿಯಾಗಿ ಸುಲಭವಾಗಿ ಸಿಗುವ ಟ್ರೈಫಿನೈಲ್ ಫಾಸ್ಫೀನ್. ಅನಿಲದ ಒತ್ತಡ 10ರಿಂದ 30 ಬಾರ್, ತಾಪಮಾನ 100 ಡಿಗ್ರಿ ಸೆಲ್ಸಿಯಸ್‌ಗೂ ಕಡಿಮೆ. ವಿನೆಗರ್‌ಗೆ ಹುಳಿ ಕೊಡುವ ಅಸಿಟಿಕ್ ಆಮ್ಲವನ್ನು ಚೂರು ಸೇರಿಸಿದರೆ ಕ್ರಿಯೆ ಇನ್ನಷ್ಟು ಚುರುಕು. ಅವರು ಪರೀಕ್ಷಿಸಿದ ಪದಾರ್ಥಗಳಲ್ಲಿ ಗೋಡಂಬಿ ಸಿಪ್ಪೆಯ ಎಣ್ಣೆಯಿಂದ ಬರುವ ಕಾರ್ಡನಾಲ್ ಕೂಡ ಇತ್ತು. ಕೊಂಕಣದ, ನಮ್ಮ ಕರಾವಳಿಯ ಗೋಡಂಬಿ ಕಾರ್ಖಾನೆಗಳಲ್ಲಿ ಬೀಜ ತೆಗೆದ ಮೇಲೆ ಉಳಿಯುವ ಸಿಪ್ಪೆಗೂ ಹೀಗೊಂದು ಬೆಲೆ ಬರಬಹುದು ಎಂಬುದು ನನಗೆ ಈ ಪ್ರಬಂಧದ ಅತಿ ಸೊಗಸಾದ ಭಾಗ.

ಉದ್ಯಮದಲ್ಲಿ ಇನ್ನೂ ರೋಡಿಯಂ ಮತ್ತು ಕೋಬಾಲ್ಟ್‌ಗಳದೇ ಆಳ್ವಿಕೆ. ವೇಗದಲ್ಲಿ ರೋಡಿಯಂ ಅನ್ನು ಸರಿಗಟ್ಟಲು ಕಬ್ಬಿಣ ಬಹಳ ದೂರ ಸಾಗಬೇಕು. ಆದರೂ ರೋಡಿಯಂನ ಬಲವನ್ನು ಕೈಯಾರೆ ಬಲ್ಲವರೇ ಕಬ್ಬಿಣವನ್ನು ಬೆನ್ನುಹತ್ತಿದ್ದಾರೆ ಎಂಬುದಕ್ಕೆ ತೂಕವಿದೆ.

ಜತ್ತದ ಕನ್ನಡ ಶಾಲೆಗಳಲ್ಲಿ ಕಲಿತು ರಸಾಯನಶಾಸ್ತ್ರ ಹಿಡಿದ ಮಕ್ಕಳಿಗೆ ಒಂದು ಮಾತು. ಎಂಎಸ್‌ಸಿ ಮಾಡಿ, ಸಿಎಸ್‌ಐಆರ್–ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಪಡೆದರೆ ಶಿಷ್ಯವೇತನದೊಂದಿಗೆ ಎನ್‌ಸಿಎಲ್‌ನಂಥ ಕಡೆ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಪುಣೆ ದೂರವೇನಲ್ಲ, ಹಾಕಿ ನೋಡಿ.