ಐಷಾರಾಮಿ ಎಸ್‌ಯುವಿ ಎಲ್ಲಿ ಮುಪ್ಪಾಗುತ್ತದೆ?

ನಾಲ್ಕೈದು ವರ್ಷ ಓಡಿದ ಜರ್ಮನ್ ಎಸ್‌ಯುವಿ ಹೊಸದರ ಅರ್ಧದಷ್ಟು ಬೆಲೆಗೆ ಸಿಗುತ್ತದೆ ಎಂದಾಗ ಕೊಳ್ಳಲು ಹೋದವರು ಮೊದಲು ನೋಡುವುದು ಎಷ್ಟು ಕಿಲೊಮೀಟರ್ ಓಡಿದೆ ಎಂದು. ಆಮೇಲೆ ಬಣ್ಣ, ಸೀಟಿನ ಚರ್ಮ, ಸನ್‌ರೂಫ್. ಬಾನೆಟ್ ಎತ್ತಿದರೆ ಅಗಲವಾದ ಒಂದು ಪ್ಲಾಸ್ಟಿಕ್ ಹೊದಿಕೆ ಕಾಣುತ್ತದೆ, ಎಂಜಿನ್ನು ಕಾಣುವುದಿಲ್ಲ. ಶೋರೂಮಿನವರು 'ಸರ್ಟಿಫೈಡ್' ಎಂದು ಪತ್ರ ಕೊಟ್ಟಿದ್ದಾರಲ್ಲ ಎಂಬ ಧೈರ್ಯದಲ್ಲಿ ಬಾನೆಟ್ ಮುಚ್ಚಿಬಿಡುತ್ತಾರೆ. ಮುಂದಿನ ಐದು ವರ್ಷ ಈ ಕಾರು ನಿಮ್ಮನ್ನು ನೆಮ್ಮದಿಯಾಗಿ ಇಡುತ್ತದೋ ಇಲ್ಲವೋ ಎಂಬುದನ್ನು ಹೇಳುವ ವಸ್ತುಗಳು ಆ ಹೊದಿಕೆಯ ಕೆಳಗಿವೆ. ಅವುಗಳಲ್ಲಿ ಹೆಚ್ಚಿನವು ಲೋಹದವಲ್ಲ.

ಕ್ರ್ಯಾಂಕ್‌ಶಾಫ್ಟ್, ಪಿಸ್ಟನ್, ಸಿಲಿಂಡರ್ ಬ್ಲಾಕ್ ಇವೆಲ್ಲ ಸಾಮಾನ್ಯವಾಗಿ ಎರಡು ಲಕ್ಷ ಕಿಲೊಮೀಟರಿಗೂ ಜಗ್ಗುವುದಿಲ್ಲ. ಸೋಲುವುದು ಅವುಗಳ ನಡುವೆ ಕೂತ ರಬ್ಬರು ಉಂಗುರ, ನೈಲಾನ್ ಕೊಳವೆ, ವೈರಿನ ಹೊದಿಕೆ, ಆಯಿಲ್. ಅಡುಗೆಮನೆಯ ಪ್ರೆಶರ್ ಕುಕ್ಕರ್ ನೆನೆಸಿಕೊಳ್ಳಿ: ಪಾತ್ರೆ ಇಪ್ಪತ್ತು ವರ್ಷ ಬಂದರೂ ಗ್ಯಾಸ್ಕೆಟ್ ಮಾತ್ರ ಬಿರುಸಾಗಿ ಆವಿ ಬಿಡತೊಡಗುತ್ತದೆ. ಇದರ ಹಿಂದಿನ ನಿಯಮವನ್ನು 1889ರಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಸ್ವಾಂಟೆ ಅರೀನಿಯಸ್ ಸಮೀಕರಣವಾಗಿ ಬರೆದರು. ಉಷ್ಣತೆ ಏರಿದಂತೆ ರಾಸಾಯನಿಕ ಕ್ರಿಯೆಯ ವೇಗವೂ ಏರುತ್ತದೆ. ಎಂಜಿನಿಯರುಗಳ ಒರಟು ಲೆಕ್ಕದಲ್ಲಿ ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಇಮ್ಮಡಿ. ರಬ್ಬರು ಬಿರುಸಾಗುವುದೂ ಪ್ಲಾಸ್ಟಿಕ್ ಪೆಡಸಾಗಿ ಸೀಳುವುದೂ ಆಯಿಲ್ ಹಳಸುವುದೂ ರಾಸಾಯನಿಕ ಕ್ರಿಯೆಗಳೇ. ಅಂದರೆ ಇಕ್ಕಟ್ಟಾದ ಎಂಜಿನ್ ಕೋಣೆಯಲ್ಲಿ 20 ಡಿಗ್ರಿ ಹೆಚ್ಚು ಬಿಸಿಯಲ್ಲಿ ಕೂತ ಸೀಲಿನ ಆಯಸ್ಸು ಕಾಲುಭಾಗಕ್ಕೆ ಇಳಿಯಬಹುದು. ದುಬಾರಿ ಎಸ್‌ಯುವಿಗಳಲ್ಲಿ ಶಕ್ತಿ ಹೆಚ್ಚು, ಟರ್ಬೊ ಹೆಚ್ಚು, ಜಾಗ ಕಡಿಮೆ. ಅವು ಕೈಕೊಡುವುದರ ಮೂಲ ಬಹಳ ಸಲ ಇಲ್ಲಿದೆ.

ಬಿಎಂಡಬ್ಲ್ಯು 2008ರಲ್ಲಿ ಎಕ್ಸ್6 ಕಾರಿನೊಂದಿಗೆ ತಂದ ಎನ್63 ಎಂಬ ವಿ8 ಎಂಜಿನ್ ಇದಕ್ಕೆ ಒಳ್ಳೆಯ ಪಾಠ. ವಿ ಆಕಾರದ ಎಂಜಿನ್ನಿನಲ್ಲಿ ಹೊಗೆ ಸಾಮಾನ್ಯವಾಗಿ ಎರಡೂ ಹೊರಬದಿಗಳಿಂದ ಹೊರಬೀಳುತ್ತದೆ. ಇಲ್ಲಿ ವಿನ್ಯಾಸಕರು ಅದನ್ನು ತಿರುಗಿಸಿ, ಎರಡು ಟರ್ಬೊಗಳನ್ನೂ ವಿ ಕಣಿವೆಯ ಒಳಗೇ ಕೂರಿಸಿದರು. ಹೊಗೆ ಕ್ರಮಿಸಬೇಕಾದ ದಾರಿ ಗಿಡ್ಡವಾಯಿತು, ಟರ್ಬೊ ಬೇಗ ಎಚ್ಚೆತ್ತಿತು, ಎಂಜಿನ್ನಿನ ಅಗಲವೂ ತಗ್ಗಿತು. ಜಾಣ ಉಪಾಯವೇ. ಆದರೆ ಸಿಲಿಂಡರಿನಿಂದ ಕೆಂಡದಂಥ ಬಿಸಿಯಲ್ಲಿ ಬರುವ ಹೊಗೆ ಈಗ ಎಂಜಿನ್ನಿನ ನಡುವಿಗೇ ಬಂತು. ಕಾರು ನಿಲ್ಲಿಸಿದ ಮೇಲೂ ಆ ಬಿಸಿ ಅಲ್ಲೇ ಮಡುಗಟ್ಟಿ ನಿಲ್ಲುತ್ತಿತ್ತು. ವಾಲ್ವ್ ಸೀಲುಗಳು ಬಿರುಸಾದವು, ಎಂಜಿನ್ ಆಯಿಲ್ ಕುಡಿಯತೊಡಗಿತು. ಕೊನೆಗೆ 2014ರ ಅಂತ್ಯದಲ್ಲಿ ಅಮೆರಿಕದಲ್ಲಿ ಕಂಪನಿಯೇ ವಿಶೇಷ ಕಾರ್ಯಕ್ರಮ ಘೋಷಿಸಿ ಈ ಎಂಜಿನ್ನಿನ ಟೈಮಿಂಗ್ ಚೈನ್, ಇಂಜೆಕ್ಟರ್ ಮುಂತಾದವನ್ನು ಪರೀಕ್ಷಿಸಿ ಬದಲಿಸಬೇಕಾಯಿತು. ಆಯಿಲ್ ಬದಲಿಸುವ ಅವಧಿಯನ್ನೂ 10,000 ಮೈಲಿಗೆ, ಅಂದರೆ ಸುಮಾರು 16,000 ಕಿ.ಮೀ.ಗೆ ಇಳಿಸಿತು. ನಂತರದ ಆವೃತ್ತಿಗಳಲ್ಲಿ ತಿದ್ದುಪಡಿಗಳಾಗಿವೆ. ಅದೇ ಬಿಎಂಡಬ್ಲ್ಯು 2015ರಲ್ಲಿ ತಂದ ಬಿ58 ಎಂಬ ಸಾಲು-ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನಲ್ಲಿ ಟರ್ಬೊ ಒಂದೇ, ಅದೂ ಎಂಜಿನ್ನಿನ ಪಕ್ಕಕ್ಕಿದೆ. ಎಕ್ಸ್5ನ 'ಎಕ್ಸ್‌ಡ್ರೈವ್ 40ಐ' ಮಾದರಿಯಲ್ಲಿ ಇರುವುದು ಇದು. ಒಂದೇ ಲಾಂಛನ ಹೊತ್ತ, ಹೆಚ್ಚುಕಡಿಮೆ ಒಂದೇ ರೂಪದ ಎರಡು ಕಾರುಗಳ ಭವಿಷ್ಯ ಇಷ್ಟು ಬೇರೆಯಾಗಬಹುದು. ಆದ್ದರಿಂದ 'ಯಾವ ಕಂಪನಿಯದು ಒಳ್ಳೆಯದು' ಎಂದು ಕೇಳುವ ಬದಲು 'ಯಾವ ಎಂಜಿನ್, ಯಾವ ವರ್ಷದ್ದು' ಎಂದು ಕೇಳಬೇಕು.

ಮರ್ಸಿಡಿಸ್‌ನ ಮೂರು ಲೀಟರಿನ ವಿ6 ಡೀಸೆಲ್ ಒಎಂ642 ನಮ್ಮಲ್ಲೂ ಎಂಎಲ್, ಜಿಎಲ್ ಕಾರುಗಳಲ್ಲಿ ಬಂದ ಗಟ್ಟಿ ಎಂಜಿನ್. ಅದರ ಆಯಿಲ್ ಕೂಲರ್ ಮಾತ್ರ ವಿ ಕಣಿವೆಯ ತಳದಲ್ಲಿದೆ. ಅದಕ್ಕೆ ಹಾಕಿದ್ದ ಕಿತ್ತಳೆ ಬಣ್ಣದ ಸಣ್ಣ ಸೀಲುಗಳು ಬಿಸಿಗೆ ಸೋತು ಆಯಿಲ್ ಜಿನುಗಿಸುತ್ತಿದ್ದವು. ಮುಂದೆ ಬಿಸಿ ತಾಳುವ ವೈಟಾನ್‌ನಿಂದ ಮಾಡಿದ ನೇರಳೆ ಸೀಲುಗಳು ಬಂದವು. ಸೀಲಿನ ಬೆಲೆ ಅತ್ಯಲ್ಪ. ಆದರೆ ಅದನ್ನು ಮುಟ್ಟಬೇಕಾದರೆ ಟರ್ಬೊ, ಇನ್‌ಟೇಕ್ ಮ್ಯಾನಿಫೋಲ್ಡ್ ಎಲ್ಲ ಬಿಚ್ಚಬೇಕು. ಬಿಲ್ಲು ಏರುವುದು ಕೂಲಿಯಿಂದ. ಪೋರ್ಶೆ ಕೇಯೆನ್‌ನ ಮೊದಲ ತಲೆಮಾರಿನ ವಿ8ನಲ್ಲಿ ಕೂಲೆಂಟ್ ಹರಿಯುವ ಪ್ಲಾಸ್ಟಿಕ್ ಕೊಳವೆಗಳು ಇಂಥದೇ ಬಿಸಿ ಜಾಗದಲ್ಲಿ ಸೀಳುತ್ತಿದ್ದವು, ಬಳಿಕ ಅಲ್ಯೂಮಿನಿಯಂ ಕೊಳವೆಗಳು ಬಂದವು. ಬಿಎಂಡಬ್ಲ್ಯುವಿನ ಎನ್47 ಡೀಸೆಲ್‌ನಲ್ಲಿ ಟೈಮಿಂಗ್ ಚೈನ್ ಇರುವುದು ಎಂಜಿನ್ನಿನ ಹಿಂಬದಿಗೆ, ಗೇರ್‌ಬಾಕ್ಸ್ ಕಡೆಗೆ. 2007ರಿಂದ 2011ರವರೆಗಿನ ಎಂಜಿನ್ನುಗಳಲ್ಲಿ ಚೈನ್ ಸವೆದ ದೂರುಗಳು ಜಗತ್ತಿನಾದ್ಯಂತ ಬಂದವು. ಅದನ್ನು ಬದಲಿಸಲು ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಇಳಿಸಲೇಬೇಕು. ಯಾವ ಭಾಗ ಕೆಡುತ್ತದೆ ಎನ್ನುವಷ್ಟೇ ಮುಖ್ಯ, ಅದನ್ನು ತಲುಪಲು ಏನೇನು ಬಿಚ್ಚಬೇಕು ಎನ್ನುವುದು.

ಇಷ್ಟು ತಿಳಿದ ಮೇಲೆ 'ಸರ್ಟಿಫೈಡ್' ಪತ್ರವನ್ನು ಓದೋಣ. ಈ ಪದ್ಧತಿ ಬಲಗೊಂಡದ್ದು 1990ರ ದಶಕದ ಅಮೆರಿಕದಲ್ಲಿ. ಅಲ್ಲಿ ಐಷಾರಾಮಿ ಕಾರುಗಳನ್ನು ಎರಡು ಮೂರು ವರ್ಷಕ್ಕೆ ಲೀಸ್ ಪಡೆದು ಓಡಿಸಿ ಹಿಂದಿರುಗಿಸುವ ರೂಢಿ ಹೆಚ್ಚಾಯಿತು. ಹಾಗೆ ರಾಶಿಯಾಗಿ ಮರಳಿದ ಕಾರುಗಳನ್ನು ಹೊಸ ಕಾರಿನ ಮಾನಕ್ಕೆ ಕುಂದು ಬಾರದಂತೆ ಮಾರಲು ಕಂಪನಿಗಳೇ ಪರೀಕ್ಷೆ ನಡೆಸಿ ವಾರಂಟಿ ಸೇರಿಸಿದವು. ಇಂದು ಭಾರತದಲ್ಲೂ ಬಿಎಂಡಬ್ಲ್ಯು ಪ್ರೀಮಿಯಂ ಸೆಲೆಕ್ಷನ್, ಮರ್ಸಿಡಿಸ್-ಬೆಂಜ್ ಸರ್ಟಿಫೈಡ್, ಆಡಿ ಅಪ್ರೂವ್ಡ್ ಪ್ಲಸ್ ಇವೆ. ಲೆಕ್ಸಸ್ ಅಮೆರಿಕದಲ್ಲಿ 161 ಅಂಶಗಳ ತಪಾಸಣೆ ಮಾಡುತ್ತದೆ. ಈ ತಪಾಸಣೆಗೆ ಬೆಲೆ ಇದೆ, ನಾನು ಅದನ್ನು ಕಡೆಗಣಿಸುವುದಿಲ್ಲ. ಆದರೆ ಅದು ಹೇಳುವುದು ಪರೀಕ್ಷೆಯ ದಿನ ಏನು ಕೆಲಸ ಮಾಡುತ್ತಿತ್ತು ಎಂದಷ್ಟೇ. ಸೋರುತ್ತಿರುವ ಸೀಲು ಸಿಕ್ಕಿಬೀಳುತ್ತದೆ. ಇನ್ನಾರು ತಿಂಗಳಿಗೆ ಸೋರಲಿರುವ ಸೀಲು ತಪಾಸಣೆ ದಾಟಿ ನಿಮ್ಮ ಮನೆಗೆ ಬರುತ್ತದೆ. ಆ ದಿನ ನಿಮ್ಮನ್ನು ಕಾಯುವುದು ವಾರಂಟಿ. ಹಾಗಾಗಿ ವಾರಂಟಿಯಲ್ಲಿ ಏನಿದೆ ಎಂಬುದಕ್ಕಿಂತ ಏನನ್ನು ಕೈಬಿಟ್ಟಿದ್ದಾರೆ ಎಂಬ ಪುಟವನ್ನು ಕೂತು ಓದಬೇಕು. ಏರ್ ಸಸ್ಪೆನ್ಷನ್, ಟರ್ಬೊ, ಹೈಬ್ರಿಡ್ ಬ್ಯಾಟರಿ, ಡೀಸೆಲ್ ಫಿಲ್ಟರ್: ಈ ನಾಲ್ಕು ಒಳಗಿವೆಯೇ ಎಂದು ಬರಹದಲ್ಲೇ ಕೇಳಿ ಪಡೆಯಿರಿ. ಕಾರಿನ ಬೆಲೆ ಐದು ವರ್ಷದಲ್ಲಿ ಅರ್ಧಕ್ಕಿಳಿದರೂ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಕೋಟಿ ರೂಪಾಯಿಯ ಕಾರನ್ನು ನಲವತ್ತು ಲಕ್ಷಕ್ಕೆ ಕೊಂಡವರು ರಿಪೇರಿ ಮಾಡಿಸುವುದು ಕೋಟಿ ರೂಪಾಯಿಯ ಕಾರನ್ನೇ.

ಏರ್ ಸಸ್ಪೆನ್ಷನ್ ಬಗ್ಗೆ ತುಸು ನಿಂತು ಹೇಳಬೇಕು. ಉಕ್ಕಿನ ಸುರುಳಿ ಸ್ಪ್ರಿಂಗಿನ ಜಾಗದಲ್ಲಿ ಇಲ್ಲಿ ರಬ್ಬರಿನ ಗಾಳಿಚೀಲಗಳಿರುತ್ತವೆ. ಒಂದು ಕಂಪ್ರೆಸರ್ ಅವಕ್ಕೆ ಗಾಳಿ ತುಂಬುತ್ತದೆ, ಚಕ್ರದ ಬಳಿಯ ಸೆನ್ಸರುಗಳು ಎತ್ತರ ಅಳೆಯುತ್ತವೆ, ಕಂಪ್ಯೂಟರು ಬೇಕಾದಂತೆ ಏರಿಸಿ ಇಳಿಸುತ್ತದೆ. ರೇಂಜ್ ರೋವರ್‌ನಲ್ಲಿ ಇದು 1992ರಲ್ಲೇ ಬಂತು. ಈಗ ಜಿಎಲ್‌ಎಸ್, ಕ್ಯು7, ಎಕ್ಸ್‌ಸಿ90 ಎಲ್ಲದರಲ್ಲೂ ಕಾಣಸಿಗುತ್ತದೆ. ಸವಾರಿಯ ಸುಖಕ್ಕೆ ಎಣೆಯಿಲ್ಲ. ಆದರೆ ಚೀಲದ ಮಡಿಕೆಯಲ್ಲಿ ಧೂಳು ಸಿಕ್ಕಿ ಉಜ್ಜಿ ಉಜ್ಜಿ ಸಣ್ಣ ಬಿರುಕು ಬೀಳುತ್ತದೆ. ಹೋದ ಗಾಳಿಯನ್ನು ತುಂಬಲು ಕಂಪ್ರೆಸರ್ ಪದೇಪದೇ ಓಡಿ ಸುಟ್ಟುಹೋಗುತ್ತದೆ. ಗ್ರಾಹಕರು ಹೊಸ ಕಂಪ್ರೆಸರ್ ಹಾಕಿಸುತ್ತಾರೆ, ಸೋರುವ ಚೀಲ ಹಾಗೇ ಉಳಿದರೆ ಹೊಸದೂ ಸುಡುತ್ತದೆ. ಪರೀಕ್ಷೆ ಸುಲಭ. ಕಾರನ್ನು ಸಮನೆಲದಲ್ಲಿ ರಾತ್ರಿಯಿಡೀ ನಿಲ್ಲಿಸಿ, ಬೆಳಗ್ಗೆ ನಾಲ್ಕೂ ಚಕ್ರದ ನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪು ಹಿಡಿದು ಅಳೆಯಿರಿ. ಒಂದು ಮೂಲೆ ಕುಸಿದಿದ್ದರೆ ಅಲ್ಲಿ ಸೋರಿಕೆ ಇದೆ. ರಸ್ತೆ ಉಬ್ಬುಗಳೂ ಗುಂಡಿಗಳೂ ತುಂಬಿದ ನಮ್ಮೂರುಗಳಲ್ಲಿ ಹತ್ತು ವರ್ಷ ಇಟ್ಟುಕೊಳ್ಳುವ ಕಾರಾದರೆ ನಾನು ಉಕ್ಕಿನ ಸ್ಪ್ರಿಂಗಿನ ಮಾದರಿಯನ್ನೇ ಹುಡುಕುತ್ತೇನೆ.

ಡೀಸೆಲ್ ಎಸ್‌ಯುವಿ ಕೊಳ್ಳುವವರು ತಮ್ಮ ದಿನಚರಿಯನ್ನೂ ಪರೀಕ್ಷಿಸಿಕೊಳ್ಳಬೇಕು. 2020ರ ಏಪ್ರಿಲ್‌ನಿಂದ ಬಿಎಸ್6 ಮಾಲಿನ್ಯ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದ್ದೇ ಇದೆ. ತುಂಬಿದ ಮಸಿಯನ್ನು ಅದು ಸುಮಾರು 600 ಡಿಗ್ರಿಯಲ್ಲಿ ಸುಟ್ಟು ಬೂದಿ ಮಾಡಬೇಕು, ಅದಕ್ಕೆ ಹೆದ್ದಾರಿಯ ಒಂದೇ ಸಮನಾದ ಓಟ ಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡಿನ ದಟ್ಟಣೆಯಲ್ಲಿ ತೆವಳುವ ಕಾರಿಗೆ ಆ ಅವಕಾಶ ಸಿಗುವುದಿಲ್ಲ. ಸುಡುವ ಕೆಲಸ ಅರ್ಧಕ್ಕೆ ನಿಂತಾಗಲೆಲ್ಲ ಅದಕ್ಕೆಂದು ಸಿಂಪಡಿಸಿದ ಹೆಚ್ಚುವರಿ ಡೀಸೆಲ್‌ನ ಒಂದಂಶ ಸಿಲಿಂಡರಿನ ಗೋಡೆಗುಂಟ ಇಳಿದು ಎಂಜಿನ್ ಆಯಿಲ್‌ಗೆ ಬೆರೆಯುತ್ತದೆ. ಆಯಿಲ್ ತೆಳುವಾಗಿ ಬೇರಿಂಗು, ಟರ್ಬೊ ಸವೆಯುತ್ತವೆ. ಓಡೊಮೀಟರಿನಲ್ಲಿ 25,000 ಕಿ.ಮೀ. ಮಾತ್ರ ತೋರಿಸುವ ಐದು ವರ್ಷದ ಡೀಸೆಲ್ ಕಾರು ಹಲವರ ಕಣ್ಣಿಗೆ ಚಿನ್ನ. ನನಗೆ ಹೆದ್ದಾರಿಯಲ್ಲಿ 80,000 ಕಿ.ಮೀ. ಓಡಿ ಸಮಯಕ್ಕೆ ಸರ್ವೀಸ್ ಆದ ಕಾರಿನ ಮೇಲೆ ನಂಬಿಕೆ ಹೆಚ್ಚು.

ಗೇರ್‌ಬಾಕ್ಸಿನ ಆಯಿಲ್ ಕುರಿತು ಒಂದು ವಿಚಿತ್ರವಿದೆ. ಬಿಎಂಡಬ್ಲ್ಯು, ಲ್ಯಾಂಡ್ ರೋವರ್, ಆಡಿ ಮೂವರೂ ಬಳಸುವ ಎಂಟು ಗೇರಿನ ಆಟೊಮ್ಯಾಟಿಕ್ ಅನ್ನು ಮಾಡುವುದು ಜರ್ಮನಿಯ ಝಡ್‌ಎಫ್. ಕಾರು ಕಂಪನಿಗಳು 'ಇದರ ಆಯಿಲ್ ಜೀವಮಾನಕ್ಕೆ ಸಾಕು' ಎನ್ನುತ್ತವೆ. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಮಾತ್ರ 80,000ದಿಂದ 1,20,000 ಕಿ.ಮೀ. ನಡುವೆ ಬದಲಿಸಿ ಎನ್ನುತ್ತದೆ. ನಾನು ಮಾಡಿದವರ ಮಾತನ್ನೇ ಕೇಳುತ್ತೇನೆ. ಇನ್ನು ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕಾರಿನಲ್ಲಿ ನಾಲ್ಕು ಟಯರೂ ಒಂದೇ ಬಗೆಯವೇ, ಸವೆತ ಸಮವೇ ಎಂದು ನೋಡಿ. ಸುತ್ತಳತೆ ವ್ಯತ್ಯಾಸವಾದರೆ, ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಕ್ಲಚ್ ಸದಾ ಉಜ್ಜುತ್ತಲೇ ಇರಬೇಕಾಗುತ್ತದೆ.

ಕೆಡುವ ಭಾಗಗಳ ಈ ಪಟ್ಟಿ ನೋಡಿದರೆ ಲೆಕ್ಸಸ್‌ನ ಹೈಬ್ರಿಡ್ ಎಸ್‌ಯುವಿ ಆರ್‌ಎಕ್ಸ್ 450ಎಚ್ ಏಕೆ ದೀರ್ಘಾಯುಷಿ ಎಂಬುದು ತಿಳಿಯುತ್ತದೆ. ಲೆಕ್ಸಸ್ 2017ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದಾಗ ತಂದ ಕಾರುಗಳಲ್ಲಿ ಇದೂ ಒಂದು. ಹೈಬ್ರಿಡ್ ಎಂದರೆ ಜಟಿಲ, ಜಟಿಲ ಎಂದರೆ ಕೆಡುವುದು ಎಂದು ಜನ ಹೆದರುತ್ತಾರೆ. ಒಳಗಿನ ಏರ್ಪಾಡು ಬೇರೆ ಹೇಳುತ್ತದೆ. ಅದರ 3.5 ಲೀಟರ್ ವಿ6 ಪೆಟ್ರೋಲ್ ಎಂಜಿನ್ನಿಗೆ ಟರ್ಬೊ ಇಲ್ಲ. ಒಂದು ಜೊತೆ ಮೋಟರ್-ಜನರೇಟರುಗಳು ಮತ್ತು ಸೂರ್ಯನ ಸುತ್ತ ಗ್ರಹಗಳಿದ್ದಂತೆ ಜೋಡಿಸಿದ ಹಲ್ಲುಚಕ್ರಗಳೇ ಅದರ ಗೇರ್‌ಬಾಕ್ಸ್: ಬೆಲ್ಟಿಲ್ಲ, ಟಾರ್ಕ್ ಕನ್ವರ್ಟರ್ ಇಲ್ಲ, ಗೇರು ಬದಲಿಸುವ ಕ್ಲಚ್ಚುಗಳಿಲ್ಲ. ಎಂಜಿನ್ನನ್ನು ಎಬ್ಬಿಸುವುದೂ ಆ ಮೋಟರೇ ಆದ್ದರಿಂದ ಪ್ರತ್ಯೇಕ ಸ್ಟಾರ್ಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ. ಹಿಂದಿನ ಚಕ್ರಗಳಿಗೆ ಬೇರೆಯದೇ ಮೋಟರ್ ಇರುವುದರಿಂದ ಪ್ರೊಪೆಲ್ಲರ್ ಶಾಫ್ಟೂ ಟ್ರಾನ್ಸ್‌ಫರ್ ಕೇಸೂ ಇಲ್ಲ. ಪೆಟ್ರೋಲನ್ನು ನೇರ ಸಿಲಿಂಡರಿಗಷ್ಟೇ ಸಿಂಪಡಿಸುವ ಎಂಜಿನ್ನುಗಳಲ್ಲಿ ಇನ್‌ಟೇಕ್ ವಾಲ್ವಿನ ಬೆನ್ನಿಗೆ ಮಸಿ ಕಟ್ಟುತ್ತದೆ, ಗ್ಯಾರೇಜಿನವರು ಅದನ್ನು ಅಕ್ರೋಟದ ಚಿಪ್ಪಿನ ಪುಡಿ ಊದಿ ತೆಗೆಯುತ್ತಾರೆ. ಆರ್‌ಎಕ್ಸ್‌ನಲ್ಲಿ ವಾಲ್ವಿನ ಹಿಂದೆಯೂ ಇಂಜೆಕ್ಟರ್ ಇರುವುದರಿಂದ ಪೆಟ್ರೋಲೇ ಅದನ್ನು ತೊಳೆಯುತ್ತದೆ. ಕೆಡಬಹುದಾದ ಭಾಗವೇ ಇಲ್ಲದಂತೆ ಮಾಡುವುದಕ್ಕಿಂತ ದೊಡ್ಡ ದೃಢತೆ ಯಂತ್ರಶಾಸ್ತ್ರದಲ್ಲಿ ಇಲ್ಲವೆಂದೇ ನಾನು ನಂಬಿದ್ದೇನೆ. ಹಾಗೆಂದು ಕಣ್ಣು ಮುಚ್ಚಿ ಕೊಳ್ಳುವಂತಿಲ್ಲ. ಹಿಂದಿನ ಸೀಟಿನ ಕೆಳಗಿನ ಬ್ಯಾಟರಿ ತಂಪಾಗಲು ಗಾಳಿ ಎಳೆದುಕೊಳ್ಳುವ ಕಿಂಡಿ ಅಲ್ಲೇ ಇದೆ. ಧೂಳು, ನಾಯಿಯ ಕೂದಲು ಅದನ್ನು ಮುಚ್ಚಿದರೆ ಬ್ಯಾಟರಿಗೂ ಅರೀನಿಯಸ್ ನಿಯಮ ತಪ್ಪಿದ್ದಲ್ಲ.

ನೀರು ಇನ್ನೊಂದು ಶತ್ರು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ಐಷಾರಾಮಿ ಕಾರುಗಳು ಮುಳುಗಿದ್ದನ್ನು ನೋಡಿದ್ದೇವೆ. ಮುಳುಗಿದ ಕಾರು ತೊಳೆದರೆ ಹೊಸದರಂತೆ ಹೊಳೆಯುತ್ತದೆ, ಆದರೆ ಕಾರ್ಪೆಟ್ಟಿನ ಕೆಳಗಿನ ಕನೆಕ್ಟರುಗಳಲ್ಲಿ ಕಿಲುಬು ನಿಧಾನವಾಗಿ ಹಬ್ಬುತ್ತದೆ. ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ವಿಮಾ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಇದ್ದಕ್ಕಿದ್ದಂತೆ ಸೊನ್ನೆಗಿಳಿದಿದ್ದರೆ ಯಾಕೆಂದು ಕೇಳಿ. ಸನ್‌ರೂಫಿನ ಮೂಲೆಗಳಲ್ಲಿ ಮಳೆನೀರು ಹೊರಹೋಗುವ ಸಣ್ಣ ಕೊಳವೆಗಳಿವೆ. ಮರದಡಿ ನಿಲ್ಲುವ ಕಾರಿನಲ್ಲಿ ತರಗೆಲೆ ಪುಡಿ ಕಟ್ಟಿಕೊಂಡು ಪ್ರವಾಹವಿಲ್ಲದೆಯೂ ನೀರು ಒಳಗಿಳಿಯುತ್ತದೆ.

ಕೊನೆಯದಾಗಿ ಕಾರಿನ ಕಂಪ್ಯೂಟರನ್ನು ಕೇಳಬೇಕು. ಸ್ಟೀರಿಂಗಿನ ಕೆಳಗಿನ ಒಬಿಡಿ ಕಿಂಡಿಗೆ ಸ್ಕ್ಯಾನರ್ ಸಿಕ್ಕಿಸಿ ದೋಷಸೂಚಿ ಇಲ್ಲ ಎಂದು ತೋರಿಸುವವರುಂಟು. ಮಾರುವ ಮುನ್ನ ಅಳಿಸಿಬಿಟ್ಟರೆ ಯಾವ ಸೂಚಿಯೂ ಇರುವುದಿಲ್ಲ. ಅಳಿಸಿದ್ದನ್ನು ಹಿಡಿಯಲು 'ರೆಡಿನೆಸ್ ಮಾನಿಟರ್' ಪುಟ ತೆರೆಸಿ. ಕ್ಯಾಟಲಿಟಿಕ್ ಕನ್ವರ್ಟರ್, ಆಮ್ಲಜನಕ ಸೆನ್ಸರ್ ಮುಂತಾದವನ್ನು ಕಾರು ತಾನೇ ಪರೀಕ್ಷಿಸಿಕೊಂಡು ಮುಗಿಸಲು ಹಲವು ದಿನಗಳ ಓಡಾಟ ಬೇಕು. ದೋಷಸೂಚಿ ಅಳಿಸಿದರೆ ಈ ಪರೀಕ್ಷೆಗಳೂ ಮೊದಲಿಂದ ಶುರುವಾಗುತ್ತವೆ. ಬಹಳಷ್ಟು 'ಅಪೂರ್ಣ' ಎಂದಿದ್ದರೆ ಯಾರೋ ಇತ್ತೀಚೆಗೆ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ವಾರ ಬಿಟ್ಟು ಮತ್ತೆ ನೋಡುತ್ತೇನೆ ಎನ್ನಿ. ಎಂಜಿನ್ ತಣ್ಣಗಿರುವಾಗಲೇ ನಾನೇ ಸ್ಟಾರ್ಟ್ ಮಾಡುತ್ತೇನೆಂದು ಮೊದಲೇ ಹೇಳಿಡಿ. ಸವೆದ ಚೈನಿನ ಗಲಗಲ ಮೊದಲ ಎರಡು ಮೂರು ಸೆಕೆಂಡಿನಲ್ಲಿ ಕೇಳುತ್ತದೆ, ಬಿಸಿಯಾದ ಮೇಲೆ ಅಡಗುತ್ತದೆ.

ನನ್ನ ಆಯ್ಕೆ ಕೇಳಿದರೆ, ಹೆಚ್ಚಾಗಿ ಊರೊಳಗೇ ಓಡಾಡುವವರಿಗೆ ಆರ್‌ಎಕ್ಸ್‌ನಂಥ ಟರ್ಬೊರಹಿತ ಹೈಬ್ರಿಡ್. ವಾರಕ್ಕೊಮ್ಮೆ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗುವವರಿಗೆ ಆಯಾ ತಲೆಮಾರಿನ ಕೊನೆಯ ವರ್ಷಗಳಲ್ಲಿ ತಯಾರಾದ ಸಾಲು-ಆರು ಎಂಜಿನ್ನಿನ ಎಸ್‌ಯುವಿ, ಏಕೆಂದರೆ ಆ ಹೊತ್ತಿಗೆ ಮೊದಲ ವರ್ಷಗಳ ತಪ್ಪುಗಳನ್ನು ಕಂಪನಿ ತಿದ್ದಿರುತ್ತದೆ. ಯಾವುದನ್ನೇ ಕೊಂಡರೂ ಮೊದಲ ತಿಂಗಳಲ್ಲೇ ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಮತ್ತು ಕೂಲೆಂಟ್ ದ್ರವಗಳನ್ನು ಅವಧಿ ನೋಡಿ ಬದಲಿಸಿ, ಆ ಖರ್ಚನ್ನು ಕಾರಿನ ಬೆಲೆಯೊಳಗೇ ಸೇರಿಸಿ ಚೌಕಾಸಿ ಮಾಡಿ.