ಟ್ರಾನ್ಸ್‌ಫರ್ ಕೇಸ್‌ಗೆ ಎಂಥ ಎಣ್ಣೆ ಬೇಕು?

ಹುಬ್ಬಳ್ಳಿ: ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಹಂಚುವ ವಾಹನಗಳಿಗೆ ಹುಬ್ಬಳ್ಳಿ-ಧಾರವಾಡ ಅವಳಿನಗರದ ಸುತ್ತ ಕೆಲಸಕ್ಕೆ ಕೊರತೆಯಿಲ್ಲ. ಒಂದು ಕಡೆ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಭೂಮಿ. ಮಳೆ ಬಿದ್ದರೆ ಚಕ್ರವನ್ನು ಹಿಡಿದು ಬಿಡದ ಜಿಗುಟು ಮಣ್ಣು. ಮತ್ತೊಂದು ಕಡೆ ಕಲಘಟಗಿ ದಾಟಿದರೆ ಯಲ್ಲಾಪುರ, ದಾಂಡೇಲಿ, ಜೋಯಿಡಾಗಳ ಕಾಡುದಾರಿ ಹಾಗೂ ಘಟ್ಟದ ಏರಿಳಿತ. ಹಳೆಯ ಜೀಪು, ಜಿಪ್ಸಿಗಳಿಂದ ಹಿಡಿದು ಹೊಸ ಥಾರ್‌ವರೆಗೆ ಎಲ್ಲ ಬಗೆಯ ವಾಹನಗಳೂ ಇಲ್ಲಿ ಪರೀಕ್ಷೆಗೆ ಒಳಗಾಗುತ್ತವೆ.

ಈ ಬಲವನ್ನು ಮುಂದಿನ ಹಾಗೂ ಹಿಂದಿನ ಚಕ್ರಗಳಿಗೆ ಹಂಚುವ ಭಾಗವೇ ಟ್ರಾನ್ಸ್‌ಫರ್ ಕೇಸ್. ಎಂಜಿನ್ ಎಣ್ಣೆಯ ಬಗ್ಗೆ ತೋರುವ ಕಾಳಜಿಯನ್ನು ಇದರ ಎಣ್ಣೆಯ ಬಗ್ಗೆ ತೋರುವವರು ಕಡಿಮೆ. ಡಿಫರೆನ್ಶಿಯಲ್‌ಗೆ ಹಾಕಿ ಡಬ್ಬಿಯಲ್ಲಿ ಉಳಿದದ್ದನ್ನೇ ಇದಕ್ಕೂ ಸುರಿಯುವ ರೂಢಿಯುಂಟು. ಒಂದೆರಡು ಲೀಟರ್ ಎಣ್ಣೆಯಲ್ಲಿ ಉಳಿಸಿದ ಹಣ ಮುಂದೆ ಇಡೀ ಕೇಸ್ ಬಿಚ್ಚುವ ಖರ್ಚಾಗಿ ಹಿಂದಿರುಗಬಹುದು.

ಮೊದಲ ಪ್ರಶ್ನೆ: ಒಳಗೇನಿದೆ?

ಯಾವ ಎಣ್ಣೆ ಎಂಬುದನ್ನು ನಿರ್ಧರಿಸುವುದು ವಾಹನದ ಗಾತ್ರವಲ್ಲ, ಅದರ ಬೆಲೆಯೂ ಅಲ್ಲ, ಕೇಸ್‌ನೊಳಗಿನ ರಚನೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಹಲ್ಲುಗಾಲಿಗಳ ಮೂಲಕವೇ ಬಲ ಸಾಗಿಸುವಂಥದು. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿರುವ ಸ್ಪೈಸರ್ 18 ಈ ಬಗೆಯದು. ಅದು ಗೇರ್ ಬಾಕ್ಸಿಗೆ ಅಂಟಿಕೊಂಡೇ ಇರುತ್ತದೆ. 1985ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿಯಲ್ಲಿಯೂ ಹಲ್ಲುಗಾಲಿಯ ಕೇಸ್ ಇದೆ. ಆದರೆ ಅದು ಗೇರ್ ಬಾಕ್ಸಿನಿಂದ ಬೇರೆಯಾಗಿದ್ದು, ನಡುವೆ ಚಿಕ್ಕದೊಂದು ಶಾಫ್ಟ್ ಇರುತ್ತದೆ. ಹಲ್ಲಿಗೆ ಹಲ್ಲು ಒತ್ತುವ ಇಂಥ ಕೇಸ್‌ಗಳಿಗೆ ಸಾಮಾನ್ಯವಾಗಿ ಗೇರ್ ಎಣ್ಣೆಯೇ ಬೇಕು.

ಎರಡನೆಯದು ಸರಪಳಿಯ ಮೂಲಕ ಮುಂದಿನ ಚಕ್ರಗಳಿಗೆ ಬಲ ಒಯ್ಯುವಂಥದು. ಇಂಥ ಅನೇಕ ಕೇಸ್‌ಗಳಲ್ಲಿ ಎಣ್ಣೆಯನ್ನು ಮೇಲಕ್ಕೆತ್ತುವ ಸಣ್ಣ ಪಂಪು ಇರುತ್ತದೆ. ಕೆಲವದರಲ್ಲಿ ಕ್ಲಚ್ ಬಿಲ್ಲೆಗಳೂ ಇರುತ್ತವೆ. ಇವುಗಳಲ್ಲಿ ಬಹುಪಾಲಿಗೆ ತಯಾರಕರು ಸೂಚಿಸುವುದು ಎಟಿಎಫ್ ಎಂಬ ತೆಳುವಾದ, ಸಾಮಾನ್ಯವಾಗಿ ಕೆಂಪು ಬಣ್ಣದ ದ್ರವವನ್ನು. ಇದರ ಬದಲು ದಪ್ಪ ಗೇರ್ ಎಣ್ಣೆ ತುಂಬಿದರೆ ಪಂಪು ಅದನ್ನು ಬೇಗ ಎತ್ತಲಾರದು, ಮೇಲಿನ ಬೇರಿಂಗುಗಳು ಒಣಗುತ್ತವೆ. ಹಲ್ಲುಗಾಲಿಯ ಕೇಸ್‌ಗೆ ತೆಳು ದ್ರವ ಹಾಕಿದರೆ ಹಲ್ಲುಗಳ ನಡುವಿನ ಎಣ್ಣೆಯ ಪದರ ಹರಿದು ಸವೆತ ಶುರುವಾಗುತ್ತದೆ.

ಈ ತಂತ್ರಜ್ಞಾನ ನಮ್ಮ ಭಾಗಕ್ಕೆ ದೂರದ್ದೇನಲ್ಲ. ಟ್ರಾನ್ಸ್‌ಫರ್ ಕೇಸ್ ತಯಾರಿಸುವ ದಿವ್ಗಿ ಟಾರ್ಕ್‌ಟ್ರಾನ್ಸ್‌ಫರ್ ಸಿಸ್ಟಮ್ಸ್ ಕಂಪನಿಯ ಕಾರ್ಖಾನೆಗಳಲ್ಲೊಂದು ಉತ್ತರ ಕನ್ನಡದ ಶಿರಸಿಯಲ್ಲಿದೆ.

ಜಿಎಲ್-5 ಎಂದರೆ ಹೆಚ್ಚಿನದೇ?

ಗೇರ್ ಎಣ್ಣೆ ಎಂದು ತಿಳಿದ ಮೇಲೂ ಆಯ್ಕೆ ಮುಗಿಯುವುದಿಲ್ಲ. ಡಬ್ಬಿಯ ಮೇಲೆ ಎಪಿಐ ಜಿಎಲ್-4 ಅಥವಾ ಜಿಎಲ್-5 ಎಂದು ಬರೆದಿರುತ್ತದೆ. ಇದು ಎಣ್ಣೆಯ ದಪ್ಪವನ್ನಲ್ಲ, ಅಧಿಕ ಒತ್ತಡ ತಡೆಯಲು ಬೆರೆಸಿದ ಗಂಧಕ-ರಂಜಕದ ಸಂಯುಕ್ತಗಳು ಎಷ್ಟು ಪ್ರಬಲ ಎಂಬುದನ್ನು ಸೂಚಿಸುತ್ತದೆ. ಜಿಎಲ್-5ರಲ್ಲಿ ಈ ಸಂಯುಕ್ತಗಳ ಪ್ರಮಾಣ ಜಿಎಲ್-4ರ ಸುಮಾರು ಇಮ್ಮಡಿ. ಹಲ್ಲುಗಳು ಒಂದರ ಮೇಲೊಂದು ಜಾರುತ್ತ ಉಜ್ಜುವ ಡಿಫರೆನ್ಶಿಯಲ್‌ಗೆ ಅದು ಅಗತ್ಯ.

ಆದ್ದರಿಂದ ಐದು ನಾಲ್ಕಕ್ಕಿಂತ ಮೇಲು ಎಂಬ ತರ್ಕ ಇಲ್ಲಿ ಸಲ್ಲದು. ಹಿತ್ತಾಳೆ, ಕಂಚಿನ ಬಿಡಿಭಾಗಗಳಿದ್ದಲ್ಲಿ, ಎಣ್ಣೆ ಬಿಸಿಯೇರಿದಾಗ ಗಂಧಕದ ಸಂಯುಕ್ತಗಳು ಆ ಲೋಹವನ್ನು ತಿನ್ನಬಲ್ಲವು. ಗೇರ್ ಬದಲಾವಣೆಯನ್ನು ಸಲೀಸುಗೊಳಿಸುವ ಸಿಂಕ್ರೊನೈಸರ್ ಉಂಗುರಗಳು ಜಾರತೊಡಗಿ ಗೇರ್ ಬೀಳುವುದೂ ಕಷ್ಟವಾಗಬಹುದು. ಹಳೆಯ ಜೀಪುಗಳಲ್ಲಿ ಗೇರ್ ಬಾಕ್ಸಿನ ಎಣ್ಣೆಯೂ ಟ್ರಾನ್ಸ್‌ಫರ್ ಕೇಸ್‌ನ ಎಣ್ಣೆಯೂ ಒಂದರೊಳಗೊಂದು ಹರಿಯುವುದರಿಂದ, ಒಂದಕ್ಕೆ ಹಾಕಿದ ತಪ್ಪು ಎಣ್ಣೆ ಎರಡನ್ನೂ ಬಾಧಿಸುತ್ತದೆ. ಆದರೆ ತಯಾರಕರೇ ಜಿಎಲ್-5 ಸೂಚಿಸಿದ್ದರೆ ಅದನ್ನೇ ಬಳಸಬೇಕು. ಮಾಲೀಕರ ಕೈಪಿಡಿಯ ಮಾತೇ ಕೊನೆಯ ಮಾತು.

ಅಂಕೆಗಳ ಅರ್ಥ

75ಡಬ್ಲ್ಯೂ-90, 80ಡಬ್ಲ್ಯೂ-90 ಎಂಬ ಬರಹದಲ್ಲಿ ಮೊದಲ ಅಂಕೆ ಚಳಿಯಲ್ಲಿ ಎಣ್ಣೆ ಹರಿಯುವ ಬಗೆಯನ್ನು, ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದರ ಸ್ನಿಗ್ಧತೆಯನ್ನು ಹೇಳುತ್ತದೆ. 80ಡಬ್ಲ್ಯೂ ದರ್ಜೆಯ ಪರೀಕ್ಷೆ ನಡೆಯುವುದು ಶೂನ್ಯಕ್ಕಿಂತ 26 ಡಿಗ್ರಿ ಕೆಳಗೆ. ಧಾರವಾಡದ ಚಳಿಗಾಲದಲ್ಲಿ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುವುದೇ ಅಪರೂಪ. ಹೀಗಾಗಿ ಇಲ್ಲಿನವರು ಹೆಚ್ಚು ಗಮನ ಕೊಡಬೇಕಾದುದು ಎರಡನೆಯ ಅಂಕೆಗೆ.

ಗೇರ್ ಎಣ್ಣೆಯ 90 ಎಂಬುದನ್ನು ಎಂಜಿನ್ ಎಣ್ಣೆಯ ಅಂಕೆಯೊಂದಿಗೆ ಹೋಲಿಸಲಾಗದು. ಅಳತೆಯ ಪಟ್ಟಿಯೇ ಬೇರೆ. ಗೇರ್ ಎಣ್ಣೆಯ 90, ಎಂಜಿನ್ ಎಣ್ಣೆಯ 40 ಅಥವಾ 50ರಷ್ಟೇ ದಪ್ಪ. ಸದ್ದು ಮಾಡುವ ಹಳೆಯ ಕೇಸ್‌ಗೆ 140 ದರ್ಜೆಯ ಎಣ್ಣೆ ಸುರಿಯುವವರೂ ಇದ್ದಾರೆ. ಇದರಿಂದ ಸದ್ದು ಅಡಗಬಹುದು, ಸವೆತ ನಿಲ್ಲದು.

ಹಳ್ಳ ದಾಟಿದ ಮೇಲೆ

ಸರಿಯಾದ ಎಣ್ಣೆಯನ್ನೂ ಕೆಡಿಸುವ ಶತ್ರು ನೀರು. ಮುಂಗಾರಿನಲ್ಲಿ ಬೆಣ್ಣಿಹಳ್ಳ ತುಂಬಿದಾಗ ದಾರಿಗಳು ಮುಳುಗುವುದು ಈ ಭಾಗದವರಿಗೆ ಹೊಸತಲ್ಲ. ಓಡಿ ಬಿಸಿಯಾದ ಕೇಸ್ ತಣ್ಣೀರಿನಲ್ಲಿ ಮುಳುಗಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಗಾಳಿಕಿಂಡಿ ಅಥವಾ ಸವೆದ ಸೀಲಿನ ಮೂಲಕ ನೀರು ಒಳಸೇರುತ್ತದೆ. ನೀರು ಬೆರೆತ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಹಾಗೆ ಕಂಡರೆ ಕಿಲೋಮೀಟರ್ ಲೆಕ್ಕ ನೋಡದೆ ಎಣ್ಣೆ ಬದಲಿಸಬೇಕು.

ಬದಲಿಸುವಾಗಲೂ ಕ್ರಮವಿದೆ. ವಾಹನ ಸಮತಟ್ಟಾದ ನೆಲದ ಮೇಲಿರಬೇಕು, ಎಣ್ಣೆ ಬೆಚ್ಚಗಿರಬೇಕು. ಮೊದಲು ತುಂಬುವ ಬಿರಡೆ, ಅನಂತರ ಕೆಳಗಿನ ಬಿರಡೆ ಬಿಚ್ಚಬೇಕು. ಎಣ್ಣೆ ಇಳಿಸಿದ ಬಳಿಕ ತುಂಬುವ ಬಿರಡೆ ಜಾಮಾಗಿರುವುದು ಗೊತ್ತಾದರೆ ವಾಹನ ನಿಂತಲ್ಲೇ ನಿಲ್ಲಬೇಕಾದೀತು. ಬಿರಡೆಗೆ ಅಂಟಿದ ನುಣ್ಣನೆಯ ಲೋಹದ ಕೆಸರು ಸಹಜ, ಚೂರುಗಳು ಕಂಡರೆ ಎಚ್ಚರಿಕೆ. ಬಹುತೇಕ ಕೇಸ್‌ಗಳಲ್ಲಿ ಹೊಸ ಎಣ್ಣೆ ತುಂಬುವ ರಂಧ್ರದ ಕೆಳ ಅಂಚಿಗೆ ಬಂದರೆ ಸಾಕು. ಮಿತಿ ಮೀರಿ ತುಂಬಿದರೆ ಸೀಲುಗಳಿಂದ ಸೋರಿಕೆ ಆರಂಭವಾಗುತ್ತದೆ.

ಎಣ್ಣೆಯಿಂದ ಆಗದ ಕೆಲಸವೂ ಒಂದಿದೆ. ಅಗತ್ಯ ಬಿದ್ದಾಗಲಷ್ಟೇ ನಾಲ್ಕು ಚಕ್ರ ಬಳಸುವ ಜೀಪು, ಜಿಪ್ಸಿಯಂಥ ವಾಹನಗಳನ್ನು ಆ ಸ್ಥಿತಿಯಲ್ಲೇ ಒಣ ಡಾಂಬರಿನ ಮೇಲೆ ಓಡಿಸಿದರೆ, ತಿರುವುಗಳಲ್ಲಿ ಮುಂದಿನ-ಹಿಂದಿನ ಚಕ್ರಗಳ ವೇಗದ ಅಂತರ ಕೇಸ್‌ನೊಳಗೆ ಬಿಗಿತವಾಗಿ ಕೂಡುತ್ತದೆ. ಎರೆಮಣ್ಣಿನಲ್ಲಿ ಚಕ್ರ ಜಾರಿ ಆ ಬಿಗಿತ ಸಡಿಲಗೊಳ್ಳುತ್ತದೆ, ಹೆದ್ದಾರಿಯಲ್ಲಿ ಸಡಿಲಗೊಳ್ಳುವುದಿಲ್ಲ. ಹೊಲದ ದಾರಿ ಮುಗಿದು ಡಾಂಬರು ಸಿಕ್ಕೊಡನೆ ಲಿವರನ್ನು ಎರಡು ಚಕ್ರಕ್ಕೆ ಹಿಂದಿರುಗಿಸುವುದು ಚಾಲಕನ ಹೊಣೆ. ಎಷ್ಟೇ ದುಬಾರಿ ಎಣ್ಣೆಯೂ ಆ ಹೊಣೆಯನ್ನು ಹೊರಲಾರದು.