ಹದಿನೇಳು ಕರಡುಗಳ ಗುಟ್ಟು

1976ರ ಏಪ್ರಿಲ್‌ನಲ್ಲಿ ‘ನ್ಯೂಯಾರ್ಕರ್’ ಪತ್ರಿಕೆ ಎಲಿಜಬೆತ್ ಬಿಷಪ್ ಅವರ ‘ಒನ್ ಆರ್ಟ್’ ಕವಿತೆಯನ್ನು ಅಚ್ಚು ಹಾಕಿತು. ಇದ್ದದ್ದು ಬರೀ 19 ಸಾಲು. ಕಳೆದುಕೊಳ್ಳುವುದೂ ಕಲಿತರೆ ಬರುವ ವಿದ್ಯೆ ಎಂದು ಹಗುರವಾಗಿ ಶುರುವಾದ ಕವಿತೆ ಬೀಗದ ಕೈಯಿಂದ ಮನೆಗಳಿಗೆ, ಮನೆಗಳಿಂದ ಖಂಡಕ್ಕೆ ಹಬ್ಬಿತು. ಕೊನೆಗೆ ಒಬ್ಬ ‘ನೀನು’ ಎದುರಾದಾಗ ಮಾತು ತಡವರಿಸಿತು. ಯಾರು ಆ ‘ನೀನು’?

ಉತ್ತರ ಕೈಯಲ್ಲೇ ಇದ್ದಂತಿತ್ತು. 1951ರಲ್ಲಿ ಬ್ರೆಜಿಲ್ ನೋಡಲೆಂದು ಹೋದ ಬಿಷಪ್ ಗೇರುಹಣ್ಣು ತಿಂದು, ಮೈ ಒಗ್ಗದೆ ಊದಿಕೊಂಡು ಹಾಸಿಗೆ ಹಿಡಿದಿದ್ದರು. ಆರೈಕೆಗೆ ನಿಂತ ಲೋಟಾ ದ ಮಸೆದೊ ಸೊವಾರೆಸ್ ಅವರ ಜೊತೆ ಹದಿನೈದು ವರ್ಷ ಅಲ್ಲೇ ಬಾಳಿದರು. ಆ ಲೋಟಾ 1967ರಲ್ಲಿ ತೀರಿಕೊಂಡಿದ್ದರು. ಕವಿತೆ ಅವರ ನೆನಪಿನದೇ ಎಂದು ಓದಿದವರು ಹಲವರು. ಬಿಷಪ್ ಬಾಯಿ ಬಿಡಲಿಲ್ಲ. ಸ್ವಂತ ಬದುಕನ್ನು ಕವಿತೆಗೆ ಸುರಿಯುವ ಅಂದಿನ ಚಾಳಿ ಅವರಿಗೆ ಒಗ್ಗುತ್ತಲೂ ಇರಲಿಲ್ಲ. 1979ರಲ್ಲಿ ಅವರೂ ಹೋದರು.

ಕಾಗದಪತ್ರಗಳು ಅವರು ಓದಿದ್ದ ವಾಸರ್ ಕಾಲೇಜಿನ ಗ್ರಂಥಾಲಯ ಸೇರಿದವು. ಅಲ್ಲಿ ಈ ಒಂದೇ ಕವಿತೆಗೆ 17 ಕರಡುಗಳಿದ್ದವು. ‘ದ ಮೂಸ್’ ಕವಿತೆಯನ್ನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಾಯಿಸಿದ್ದ ಕವಿ ಇದನ್ನು 1975ರ ಕೊನೆಯ ಕೆಲವೇ ತಿಂಗಳಲ್ಲಿ ಮುಗಿಸಿದ್ದರು. ಏನಿತ್ತು ಅಂಥ ಅವಸರ? ವಿಮರ್ಶಕಿ ಬ್ರೆಟ್ ಮಿಲ್ಲಿಯರ್ ಕರಡುಗಳನ್ನು ಒಂದೊಂದಾಗಿ ಓದುತ್ತ ಹೋದರು.

ಮೊದಲನೆಯದು ಕವಿತೆಯೇ ಆಗಿರಲಿಲ್ಲ. ಟೈಪ್ ಮಾಡಿದ ಕಳಕೊಂಡ ಸಾಮಾನುಗಳ ಅಡ್ಡಾದಿಡ್ಡಿ ಪಟ್ಟಿ. ಕನ್ನಡಕ, ಪೆನ್ನು, ಮನೆಗಳು. ತುದಿಯಲ್ಲಿ ಒಬ್ಬ ವ್ಯಕ್ತಿ, ಆ ವ್ಯಕ್ತಿಯ ನೀಲಿ ಕಣ್ಣು. ಲೋಟಾ ಅವರದು ಕಪ್ಪು ಕಣ್ಣು!

ಆ ಗದ್ಯವನ್ನು ಬಿಷಪ್ ವಿಲನೆಲ್ ಎಂಬ ಬಿಗಿ ಛಂದಸ್ಸಿಗೆ ತುರುಕಲು ಹೊರಟಿದ್ದರು. ಎರಡೇ ಪ್ರಾಸ, ಮತ್ತೆ ಮತ್ತೆ ಮರಳುವ ಎರಡು ಸಾಲು. ಮೊದಲ ಭಾಗ ಬೇಗ ಕೂತಿತು. ಕೊನೆಯ ನಾಲ್ಕು ಸಾಲು ಮಾತ್ರ ಸತಾಯಿಸಿತು. ಒಂದು ಹಂತದಲ್ಲಂತೂ ಮೇಲೆ ಬರೆದದ್ದೆಲ್ಲ ಸುಳ್ಳು ಎಂದೇ ಒಪ್ಪಿಕೊಂಡು ನೋಡಿದರು. ಅದೂ ನಿಲ್ಲಲಿಲ್ಲ. ಕೊನೆಗೆ ಕಣ್ಣುಗಳನ್ನೇ ಅಳಿಸಿ, ಆ ವ್ಯಕ್ತಿಯ ದನಿ ಮತ್ತು ಒಂದು ಹಾವಭಾವವನ್ನಷ್ಟೇ ಉಳಿಸಿದರು. ಬರೆ ಎಂದು ತಮಗೆ ತಾವೇ ಕೊಟ್ಟುಕೊಂಡ ಆಜ್ಞೆಯನ್ನು ಆವರಣದೊಳಗೆ ಇಟ್ಟರು. ಕವಿತೆ ಗೆದ್ದದ್ದು ಅಲ್ಲಿ.

ನೀಲಿ ಕಣ್ಣು ಆಲಿಸ್ ಮೆತ್‌ಫೆಸೆಲ್ ಅವರದು. ಹಾರ್ವರ್ಡ್‌ನಲ್ಲಿ 1970ರಲ್ಲಿ ಪರಿಚಯವಾದ, ಬಿಷಪ್‌ಗಿಂತ ಎಷ್ಟೋ ಚಿಕ್ಕವರಾದ ಆಲಿಸ್ 1975ರಲ್ಲಿ ದೂರವಾಗತೊಡಗಿದ್ದರು. ಅಂದರೆ ಕವಿತೆ ಸತ್ತವರಿಗಾಗಿ ಬರೆದ ಶೋಕಗೀತೆಯಲ್ಲ, ಕಣ್ಣೆದುರೇ ಕೈಜಾರುತ್ತಿದ್ದ ನಂಟಿನದು. ಆ ನಂಟು ಮುಂದೆ ಮುರಿಯಲೂ ಇಲ್ಲ. ಆಲಿಸ್ ಮರಳಿ ಬಂದರು. 1976ರಲ್ಲಿ ಈ ಕವಿತೆಯನ್ನೊಳಗೊಂಡು ಹೊರಬಂದ ಸಂಕಲನ ‘ಜಿಯಾಗ್ರಫಿ ತ್ರೀ’. ಅದರ ಅರ್ಪಣೆಯ ಪುಟದಲ್ಲಿ ಅಚ್ಚಾಗಿದ್ದ ಹೆಸರು ಆಲಿಸ್ ಅವರದೇ.